ಆರ್ಡಿಸ್ ಟ್ಯಾಟ್ರೋ ಕಾನೂನು ಓದಿದ್ದು ಅಡುಗೆಮನೆಯಲ್ಲಿ

ಆರ್ಡಿಸ್ ಟ್ಯಾಟ್ರೋ ವಕೀಲೆಯಾಗುತ್ತೇನೆಂದು ಹೊರಟಾಗ ವೆಸ್ಟ್ ಹಾರ್ಲೋ ಊರಿನವರು ನಗಲಿಲ್ಲ. ವರ್ಮಾಂಟಿನ ಗುಡ್ಡದ ಜನ ಮುಖದೆದುರು ನಗುವವರಲ್ಲ. "ಹೂಂ" ಅನ್ನುತ್ತಾರೆ, ಅಷ್ಟೇ. ಆ ಒಂದು ಹೂಂಕಾರದೊಳಗೆ ಎಷ್ಟು ನಗು ಅಡಗಿದೆ ಎಂಬುದು ಇಲ್ಲೇ ಹುಟ್ಟಿ ಬೆಳೆದವರಿಗೆ ಮಾತ್ರ ಗೊತ್ತಾಗುವ ಸಂಗತಿ. ಆರ್ಡಿಸ್ ಇಲ್ಲೇ ಹುಟ್ಟಿದವಳು. ಒಂದೊಂದು ಹೂಂಕಾರವನ್ನೂ ಕೇಳಿಸಿಕೊಂಡಳು, ಯಾರ್ಯಾರದೆಂದು ಮನಸ್ಸಿನಲ್ಲಿಟ್ಟುಕೊಂಡಳು.

ಮುದುಕ ವಕೀಲ ಹೋರೇಸ್ ಪಿಂಗ್ರೀಯವರ ಆಫೀಸಿನಲ್ಲಿ ಅವಳು ಟೈಪಿಸ್ಟು. ಮದುವೆಯಾದ ಹೊಸತರಲ್ಲಿ ಸೇರಿದವಳು, ಈಗ ಕಿವಿಯ ಮೇಲೆ ಬೆಳ್ಳಿಗೂದಲು. ಉಯಿಲು, ಕ್ರಯಪತ್ರ, ದಾವೆ, ತಕರಾರು ಎಲ್ಲವೂ ಅವಳ ಬೆರಳಿನಿಂದಲೇ ಇಳಿಯಬೇಕು, ಕೆಳಗೆ ಸಹಿ ಮಾತ್ರ ಪಿಂಗ್ರೀಯವರದು. ಅದಕ್ಕೆ ಅವಳಿಗೇನೂ ಬೇಸರವಿರಲಿಲ್ಲ. ಬೇಸರ ಬಂದದ್ದು ಒಂದು ಶುಕ್ರವಾರ. ಪಿಂಗ್ರೀಯವರು ಊರಲ್ಲಿರಲಿಲ್ಲ. ಕಣ್ಣಿನ ಸುತ್ತ ಕಪ್ಪಾದ ಹೆಂಗಸೊಬ್ಬಳು ಬಂದು, ಗಂಡ ಮಾಡಿದ್ದನ್ನೆಲ್ಲ ಹೇಳಿ, "ಈಗ ನಾನೇನು ಮಾಡ್ಲಿ, ಹೇಳಿ" ಎಂದಳು. ಏನು ಮಾಡಬೇಕೆಂದು ಆರ್ಡಿಸ್‌ಗೆ ಗೊತ್ತಿತ್ತು. ಯಾವ ಅರ್ಜಿ, ಯಾವ ಜಡ್ಜಿ, ಎಲ್ಲ ನಾಲಿಗೆ ತುದಿಯಲ್ಲಿತ್ತು. ಆದರೆ ವಕೀಲರಲ್ಲದವರು ಕಾನೂನಿನ ಸಲಹೆ ಕೊಡುವಂತಿಲ್ಲ, ಕೊಟ್ಟರೆ ಅದೇ ಒಂದು ತಪ್ಪು. "ಮಿಸ್ಟರ್ ಪಿಂಗ್ರೀ ಸೋಮವಾರ ಬರ್ತಾರಮ್ಮ" ಎಂದು ಹೇಳಿ ಕಳಿಸಿದಳು. ಆ ಹೆಂಗಸು ಸೋಮವಾರ ಬರಲಿಲ್ಲ. ಮತ್ತೆಂದೂ ಬರಲಿಲ್ಲ.

ಆ ಸೋಮವಾರ ಸಂಜೆಯೇ ಆರ್ಡಿಸ್ ಟೈಪ್‌ರೈಟರಿನ ಮೇಲೆ ಮುಸುಕು ಹಾಕಿ ಮುದುಕರ ಮೇಜಿನ ಮುಂದೆ ನಿಂತಳು.

"ನಾನು ನಿಮ್ಮ ಹತ್ರ ಕಾನೂನು ಓದ್ಬೇಕು, ಮಿಸ್ಟರ್ ಪಿಂಗ್ರೀ."

"ಓದ್ಕೊಳ್ಳಿ. ಪುಸ್ತಕಗಳು ಅಲ್ಲೇ ಇವ್ಯಲ್ಲ. ಧೂಳು ಹೊಡೆಯೋವಾಗ ಒಂದೊಂದು ಪುಟ ತಿರುವಿ."

"ಹಾಗಲ್ಲ. ನೀವು ಓದಿದ ಹಾಗೆ."

ಪಿಂಗ್ರೀಯವರು ಕನ್ನಡಕ ತೆಗೆದರು. ಇಷ್ಟು ವರ್ಷ ಜೊತೆಯಲ್ಲಿ ಕೆಲಸ ಮಾಡಿದರೂ ಇಬ್ಬರೂ ಒಬ್ಬರನ್ನೊಬ್ಬರು ಬರಿಯ ಹೆಸರಿನಿಂದ ಕರೆದವರಲ್ಲ. "ಮಿಸೆಸ್ ಟ್ಯಾಟ್ರೋ, ನೀವು ಕುರ್ಚಿ ಎಳ್ಕೊಂಡು ಕೂತ್ಕೊಳ್ಳೋದು ಒಳ್ಳೇದು" ಎಂದರು.

ಕಾನೂನು ಓದುವುದು ಎಂದರೆ ಹಿಂದೆ ಎಲ್ಲರಿಗೂ ಒಂದೇ ಅರ್ಥ. ವಕೀಲನೊಬ್ಬನ ಆಫೀಸಿಗೆ ಸೇರುವುದು, ಒಲೆಗೆ ಸೌದೆ ಹಾಕುವುದು, ಕಾಗದಪತ್ರ ನಕಲು ಮಾಡುವುದು, ಬಿಡುವಾದಾಗ ದಪ್ಪ ಪುಸ್ತಕ ತೆರೆದು ಕೂರುವುದು. ವಕೀಲನಿಗೆ ಮನಸ್ಸು ಬಂದಾಗ ಪಾಠ, ಬರದಿದ್ದರೆ ಒಲೆಯ ಬೂದಿ. ಹಾಗೆ ಓದಿದವರೇ ದೇಶಕ್ಕೆ ಕಾನೂನು ಬರೆದರು, ಜಡ್ಜಿಗಳಾದರು. ಪಿಂಗ್ರೀಯವರಿಗೆ ತನ್ನ ಅಟ್ಟದ ಆಫೀಸಿನಲ್ಲಿ ಪಾಠ ಹೇಳಿದ ವಕೀಲ ಇನ್ನೊಬ್ಬನ ಹತ್ತಿರ ಓದಿದವನು, ಅವನು ಮತ್ತೊಬ್ಬನ ಹತ್ತಿರ. ಆ ಗುರುಪರಂಪರೆಯನ್ನು ಪಿಂಗ್ರೀಯವರು ಉಸಿರು ಬಿಡದೆ ಒಪ್ಪಿಸುತ್ತಿದ್ದರು.

"ನಮ್ಮ ಗುರುಗಳ ಗುರುಗಳಿಗೆ ಪರೀಕ್ಷೆ ನಡೆದಿದ್ದು ಛತ್ರದಲ್ಲಿ. ಮೂರು ಜನ ವಕೀಲರು ಕೂತಿದ್ರಂತೆ. ಕಪ್ಪೆಚಿಪ್ಪಿನ ಸಾರು, ಸೇಬಿನ ಮದ್ಯ ಎಲ್ಲಾ ಪರೀಕ್ಷೆಗೆ ಕೂತವನದೇ ಖರ್ಚು. ಒಂದೇ ಪ್ರಶ್ನೆ ಕೇಳಿದ್ರಂತೆ. ಇವರು 'ಗೊತ್ತಿಲ್ಲ, ಪುಸ್ತಕ ನೋಡಿ ಹೇಳ್ತೀನಿ' ಅಂದ್ರಂತೆ. 'ಭೇಷ್, ನೋಡದೇ ಹೇಳೋನು ಅಪಾಯ' ಅಂತ ಪಾಸು ಮಾಡಿದ್ರಂತೆ."

ಆಮೇಲೆ ಕಾನೂನು ಕಾಲೇಜುಗಳು ಎದ್ದವು. ಮೊದಮೊದಲು ಅಲ್ಲಿಗೆ ಹೋಗುವವರನ್ನು ಕಂಡು ವಕೀಲರೇ ನಗುತ್ತಿದ್ದರು, ಈಜು ಕಲಿಯಲು ಪುಸ್ತಕದಂಗಡಿಗೆ ಹೋದರಂತೆ ಎಂದು. ಕ್ರಮೇಣ ನಗು ತಿರುಗಿತು. ಕಾಲೇಜಿನ ಮೆಟ್ಟಿಲು ಹತ್ತದವನು ಕೋರ್ಟಿನ ಮೆಟ್ಟಿಲು ಹತ್ತಬಾರದೆಂದು ದೊಡ್ಡ ಊರಿನ ವಕೀಲರ ಸಂಘಗಳು ಗಂಟಲು ಹರಿದುಕೊಂಡವು. ಹೊಟ್ಟೆ ತುಂಬಿದವರಿಗೆ ಬಾಗಿಲು ಮುಚ್ಚುವ ಚಟ ಎಲ್ಲ ದೇಶದಲ್ಲೂ ಇದ್ದದ್ದೇ. ಒಂದೊಂದೇ ರಾಜ್ಯದಲ್ಲಿ ಹಳೆಯ ದಾರಿ ಮುಚ್ಚಿಹೋಯಿತು. ವರ್ಮಾಂಟಿನಂಥ ಕೆಲವು ಕಡೆ ಮಾತ್ರ ಬಾಗಿಲು ಚೂರು ತೆರೆದಿತ್ತು: ನಾಲ್ಕು ವರ್ಷ ವಕೀಲರೊಬ್ಬರ ಕೆಳಗೆ ಓದಬೇಕು, ಓದಿಸಿದ್ದೇನೆಂದು ಅವರು ರಾಜಧಾನಿ ಮಾಂಟ್‌ಪೀಲಿಯರಿನ ವಕೀಲರ ಮಂಡಳಿಗೆ ಆಗಾಗ ತಿಳಿಸುತ್ತಿರಬೇಕು, ಕೊನೆಗೆ ಕಾಲೇಜಿನವರು ಬರೆಯುವ ಪರೀಕ್ಷೆಯನ್ನೇ ಬರೆಯಬೇಕು. ಆರ್ಡಿಸ್ ಹಿಂದೆ ಸಂಜೆ ಕಾಲೇಜಿನಲ್ಲಿ ಅಷ್ಟಿಷ್ಟು ಓದಿದ್ದಳು. ಅದು ಸಾಲುತ್ತದೆ ಎಂದಿತು ಮಂಡಳಿ.

ಪಿಂಗ್ರೀಯವರ ಪಾಠವೆಂದರೆ ಬಾಯಿಪಾಠ. ಅವರ ಪ್ರಕಾರ ಪ್ರತಿಯೊಂದು ಅಪರಾಧವೂ ಪ್ರತಿಯೊಂದು ಹಕ್ಕೂ ಹಾಲು ಕರೆಯುವ ಮುಕ್ಕಾಲಿಯ ಹಾಗೆ ಕಾಲುಗಳ ಮೇಲೆ ನಿಂತಿರುತ್ತದೆ. ಒಂದು ಕಾಲು ಮುರಿದರೂ ಕೂತವನು ಸಗಣಿಯಲ್ಲಿ.

"ಕನ್ನಗಳವಿಗೆ ಎಷ್ಟು ಕಾಲು, ಮಿಸೆಸ್ ಟ್ಯಾಟ್ರೋ?"

ಆರ್ಡಿಸ್ ಟೈಪು ಮಾಡುತ್ತಲೇ ಒಪ್ಪಿಸುವಳು: "ಆರು. ಮುರೀಬೇಕು, ಒಳಗೆ ಹೋಗ್ಬೇಕು, ವಾಸದ ಮನೆ ಆಗಿರ್ಬೇಕು, ಬೇರೆಯವರದಾಗಿರ್ಬೇಕು, ಕತ್ತಲಾಗಿರ್ಬೇಕು, ಕೆಟ್ಟ ಉದ್ದೇಶ ಇರ್ಬೇಕು."

ಮನೆಯಲ್ಲೂ ಅದೇ ಜಪ. ಗಂಡ ರೋಲಂಡ್ ಹಾಲಿನ ಟ್ಯಾಂಕರ್ ಓಡಿಸುವವನು, ಬೆಳಗಿನಿಂದ ಒಬ್ಬನೇ ಕೂತು ಬಂದವನಿಗೆ ಮಾತು ಬೇಕು. ಒಂದು ಸಂಜೆ ತಟ್ಟೆ ನೋಡಿ, "ಬೀನ್ಸ್ ಸೀದುಹೋಗೋಕೆ ಎಷ್ಟು ಕಾಲು, ಆರ್ಡೀ?" ಎಂದ.

"ಎರಡು. ಒಲೆ ಉರೀತಿರ್ಬೇಕು, ಪಕ್ಕದಲ್ಲಿ ಸುಮ್ನೆ ಕೂತ ಗಂಡ ಇರ್ಬೇಕು."

ರೋಲಂಡ್ ಮರುದಿನದಿಂದ ಬೀನ್ಸ್ ತಾನೇ ತಿರುವತೊಡಗಿದ.

ಹೀಗೆ ಮೂರು ವರ್ಷ ಸಲೀಸಾಗಿ ಕಳೆಯಿತು. ನಾಲ್ಕನೆಯ ವರ್ಷ ಚಳಿಗಾಲ ಮುಗಿದು, ರಸ್ತೆಗಳೆಲ್ಲ ಮಣ್ಣಿನ ಅಂಬಲಿಯಾಗುವ ಕೆಸರುಕಾಲ ಬಂತು. ಆ ಕೆಸರಿನಲ್ಲೇ ಒಂದು ಬೆಳಿಗ್ಗೆ ಪಿಂಗ್ರೀಯವರಿಗೆ ಲಕ್ವ ಹೊಡೆಯಿತು. ಜೀವ ಉಳಿಯಿತು. ಬುದ್ಧಿ ನೆಟ್ಟಗಿತ್ತು, ಕಣ್ಣು ಚುರುಕಾಗಿತ್ತು, ಎಡಗೈ ಆಡುತ್ತಿತ್ತು. ಹೋದದ್ದು ಮಾತು. ಒಂದಕ್ಷರವೂ ಹೊರಡದು. ಬಾಯಿಪಾಠದ ಮೇಷ್ಟ್ರಿಗೆ ಬಾಯಿಯೇ ಹೋಯಿತು.

ಆರ್ಡಿಸ್ ಮೂರು ದಿನ ಅತ್ತಳು. ಆಮೇಲೆ ಮಾಂಟ್‌ಪೀಲಿಯರಿಗೆ ಫೋನು ಮಾಡಿದಳು. ಉಳಿದ ತಿಂಗಳುಗಳನ್ನು ಬೇರೆ ವಕೀಲರ ಕೆಳಗೆ ಓದಿ ಮುಗಿಸಬಹುದು, ಆದರೆ ಬೇಸಿಗೆಯೊಳಗೆ ಯಾರಾದರೂ ಒಪ್ಪಿಕೊಳ್ಳಲೇಬೇಕು. ಇಲ್ಲದಿದ್ದರೆ ಓದಿದ್ದು ಲೆಕ್ಕಕ್ಕೆ ಬರದು ಎಂದರು ಮಂಡಳಿಯವರು. ಗುಡ್ಡದಾಚೆಯ ಪಟ್ಟಣದ ವಕೀಲರನ್ನು ಕೇಳಿದಳು. ಒಬ್ಬರು ಜಾಗವಿಲ್ಲ ಎಂದರು. ಇನ್ನೊಬ್ಬರು, "ಈ ಕಾಲದಲ್ಲೂ ಹಾಗೆ ಓದ್ತಾರಾ? ಕಾಲೇಜು ಸೇರ್ಕೊಳ್ಳಿ" ಎಂದು ಫೋನಿಟ್ಟರು. ಉಳಿದದ್ದು ಊರಿನ ಇನ್ನೊಬ್ಬ ವಕೀಲ, ಆಲ್ಡೆನ್ ವಿಟ್ಕಮ್.

ಪಿಂಗ್ರೀಗೂ ವಿಟ್ಕಮ್‌ಗೂ ಎಣ್ಣೆ ಸೀಗೆಕಾಯಿ. ವಿಟ್ಕಮ್ ಬಾಸ್ಟನ್ ಕಡೆಯ ದೊಡ್ಡ ಕಾನೂನು ಕಾಲೇಜಿನಲ್ಲಿ ಓದಿ ಬಂದವರು. ಎಷ್ಟೋ ವರ್ಷಗಳ ಹಿಂದೆ ತುಂಬಿದ ಕೋರ್ಟಿನಲ್ಲಿ, "ನನ್ನ ಎದುರಾಳಿ ವಕೀಲರು ಕಾಲೇಜಿಗೆ ಹೋದವರಲ್ಲ, ಅಟ್ಟಕ್ಕೆ ಹೋದವರು" ಎಂದುಬಿಟ್ಟರು. ಪಿಂಗ್ರೀ ಎದ್ದು, "ಅಟ್ಟದಲ್ಲಿ ಉತ್ತರ ಸಿಕ್ತು ಸ್ವಾಮಿ. ಅವರ ಕಾಲೇಜಲ್ಲಿ ಫೀಸು ತಗೊಂಡು ಬರೀ ಪ್ರಶ್ನೆ ಕೊಟ್ಟು ಕಳಿಸಿದಾರೆ" ಎಂದರು. ಜಡ್ಜಿಯೂ ನಕ್ಕರಂತೆ. ಅಂದಿನಿಂದ ಕೋರ್ಟಿನ ಒಳಗೆ ಮಾತ್ರ ಮಾತು. ಡೆಲ್ಮಾಳ ಹೋಟೆಲಿನಲ್ಲಿ ಒಬ್ಬರು ಉದ್ದ ಬೆಂಚಿನ ಈ ತುದಿ, ಇನ್ನೊಬ್ಬರು ಆ ತುದಿ. ಉಪ್ಪಿನ ಡಬ್ಬಿ ಬೇಕಾದರೂ ಡೆಲ್ಮಾಳ ಮೂಲಕವೇ ಕೇಳಬೇಕು.

ಅಂಥವರ ಆಫೀಸಿನ ಬಾಗಿಲಲ್ಲಿ ಆರ್ಡಿಸ್ ನಿಂತಳು. ವಿಟ್ಕಮ್ ತೆಳ್ಳಗೆ, ಉದ್ದಕ್ಕೆ, ಕೊಕ್ಕರೆಯ ಹಾಗೆ. ಅವರು ಉತ್ತರ ಹೇಳಿದ್ದನ್ನು ಊರಿನಲ್ಲಿ ಯಾರೂ ಕೇಳಿದವರಿಲ್ಲ.

"ಒಳಗೆ ಬರಬಹುದಾ?" ಎಂದಳು.

"ಬರಬಹುದು ಅಂತ ನಿಮಗನ್ಸುತ್ತಾ?"

ಆರ್ಡಿಸ್‌ಗೆ ರೇಗಿತು. ಆದರೂ ತಡೆದುಕೊಂಡು ಬಂದ ಕಾರಣ ಹೇಳಿದಳು.

"ಪಿಂಗ್ರೀ ಕಕ್ಷಿದಾರರ ಗುಟ್ಟೆಲ್ಲ ಎಲ್ಲಿದೆ, ಮಿಸೆಸ್ ಟ್ಯಾಟ್ರೋ?"

"ಬೀರುವಿನಲ್ಲಿ."

"ಬೀರುವಿನಲ್ಲಿ ಮಾತ್ರವಾ?"

"ನನ್ನ ತಲೆಯಲ್ಲೂ ಇದೆ."

"ಗೋಕಿಯವರ ಮೇಪಲ್ ಸಕ್ಕರೆ ತೋಪಿಗೆ ಹೋಗೋ ದಾರಿ ಕೇಸಲ್ಲಿ ಎದುರು ಕಡೆ ವಕೀಲ ಯಾರು?"

"ನೀವು."

"ಹಾಗಾದ್ರೆ ಗೋಕಿಯ ಗುಟ್ಟು ತಲೇಲಿಟ್ಕೊಂಡಿರೋರು ಬೆಳಿಗ್ಗೆ ಎದ್ದು ನನ್ನ ಆಫೀಸಿಗೆ ನಡೆದುಬಂದ್ರೆ, ಗೋಕಿ ನಿದ್ದೆ ಮಾಡ್ತಾನಾ?"

ಮನುಷ್ಯ ಹೇಳುವುದು ನ್ಯಾಯವಾಗಿಯೇ ಇತ್ತು, ಅದೇ ಅವಳಿಗೆ ಹೆಚ್ಚು ಉರಿದದ್ದು. ಅನ್ಯಾಯವಾದರೆ ಬೈದಾದರೂ ಬರಬಹುದು. ನೆಟ್ಟಗೆ ಪಿಂಗ್ರೀಯವರ ಮನೆಗೆ ಹೋಗಿ, ಅಡುಗೆಮನೆಯ ಬೆಂಚಿನ ಮೇಲೆ ಕುಕ್ಕರಿಸಿದಳು. ಪಿಂಗ್ರೀಯವರು ಒಲೆಯ ಪಕ್ಕದ ಕುರ್ಚಿಯಲ್ಲಿದ್ದರು. ಅವರ ಅಕ್ಕ ಲೊವೀನಾ ಹಿಟ್ಟು ನಾದುತ್ತಿದ್ದಳು. ಮದುವೆಯಾಗದೆ ತಮ್ಮನ ಮನೆ ನಡೆಸಿಕೊಂಡು ಬಂದವಳು, ಕಡ್ಡಿ ಮುರಿದಂತೆ ಮಾತಾಡುವವಳು.

ಎಲ್ಲ ಕೇಳಿ ಲೊವೀನಾ, "ನೀನು ಅವನ ಆಫೀಸಿಗೆ ಹೋಗೋ ಹಾಗಿಲ್ಲ, ಸರಿ. ಅವನು ಇಲ್ಲಿಗೆ ಬರೋಕೆ ಏನು ರೋಗ?" ಎಂದಳು.

"ಇಲ್ಲಿಗಾ? ಈ ಮನೆಗಾ?"

"ಹೋರೇಸ್ ಎದುರಲ್ಲೇ ಪಾಠ ಹೇಳ್ಲಿ. ಗುಟ್ಟು ಸೋರೋ ಹಾಗಿದ್ರೆ ಇವನೇ ಕಾವಲು. ಏನೋ ಹೋರೇಸ್?"

ಪಿಂಗ್ರೀಯವರ ಮುಖ ಗಂಟಿಕ್ಕಿತು. ಶತ್ರು ಹೊಸ್ತಿಲು ದಾಟುವುದು ಒಂದು ಕಡೆ, ಶಿಷ್ಯೆಯ ಮೂರು ವರ್ಷ ಇನ್ನೊಂದು ಕಡೆ. ಕೊನೆಗೆ ಎಡಗೈ ಎತ್ತಿ, ನೊಣ ಓಡಿಸುವಂತೆ ಗಾಳಿಯಲ್ಲಿ ಬೀಸಿದರು. ಬರಲಿ, ಹಾಳಾಗಿಹೋಗಲಿ ಎಂದು ಅರ್ಥ.

ವಿಟ್ಕಮ್ ಒಪ್ಪಿದ್ದೇ ದೊಡ್ಡ ಆಶ್ಚರ್ಯ. ಕನಿಕರದಿಂದಲ್ಲ, ಹಠದಿಂದ. "ಅಟ್ಟದ ಪಾಠ ಎಷ್ಟು ಪೊಳ್ಳು ಅಂತ ಅವನ ಕಣ್ಣೆದುರೇ ತೋರಿಸೋ ಅವಕಾಶ ಬಿಡೋಕಾಗುತ್ತಾ?" ಎಂದರಂತೆ ಡೆಲ್ಮಾಳ ಹತ್ತಿರ. ಷರತ್ತು ಹಾಕಿದವರೂ ಅವರೇ: ನಡೆಯುತ್ತಿರುವ ಯಾವ ಕೇಸಿನ ಮಾತೂ ಬರಬಾರದು, ಯಾರ ಬಾಯಿಂದ ಬಂದರೂ ಪಿಂಗ್ರೀ ತಕ್ಷಣ ತಡೆಯಬೇಕು. ಮಾತಿಲ್ಲದವರು ತಡೆಯುವುದು ಹೇಗೆ? ಲೊವೀನಾ ತಮ್ಮನ ಎಡಗೈಗೆ ಒಂದು ಮರದ ಸೌಟು ಕೊಟ್ಟಳು. ಮಂಡಳಿಗೂ ವಿಷಯ ತಿಳಿಸಿದರು. ಅಡುಗೆಮನೆಯಲ್ಲಿ ಓದಬಾರದೆಂದು ನಿಯಮದಲ್ಲಿ ಎಲ್ಲಿಯೂ ಬರೆದಿರಲಿಲ್ಲ.

ಮೊದಲನೆಯ ಪಾಠ. ವಿಟ್ಕಮ್ ಕೋಟೂ ಬಿಚ್ಚದೆ ಮೇಜಿನ ಆ ತುದಿಯಲ್ಲಿ ಕೂತರು. ಪಿಂಗ್ರೀ ಕಡೆ ಕಣ್ಣೆತ್ತಲಿಲ್ಲ.

"ಪಕ್ಕದವನ ಹಸು ನಿಮ್ಮ ತೋಟಕ್ಕೆ ನುಗ್ಗಿ ಕೋಸೆಲ್ಲ ತಿಂತು. ಏನು ಮಾಡ್ತೀರಿ?"

ಆರ್ಡಿಸ್ ಬೆನ್ನು ನೆಟ್ಟಗೆ ಮಾಡಿ ಶುರು ಮಾಡಿದಳು: "ಅತಿಕ್ರಮಣಕ್ಕೆ ಮೂರು ಕಾಲು. ಒಂದನೇದು—"

"ನಾನು ಕಾಲು ಕೇಳಿದ್ನಾ? ಹಸುಗೆ ನಾಲ್ಕು ಕಾಲು ಅಂತ ನನಗೆ ಗೊತ್ತಿಲ್ವಾ? ಬೇಲಿ ಯಾರದು?"

"ಬೇಲಿ ವಿಷಯ ನೀವು ಹೇಳ್ಲೇ ಇಲ್ವಲ್ಲ."

"ನೀವು ಕೇಳಿದ್ರಾ?"

ಒಲೆಯ ಕಡೆಯಿಂದ ಸೌಟು ಕುರ್ಚಿಯ ಕೈಗೆ ಕರಕರ ಉಜ್ಜಿದ ಸದ್ದು ಬಂತು. ವಿಟ್ಕಮ್ ತಿರುಗಿ ನೋಡದೆ, "ಆ ಶಬ್ದಕ್ಕೆ ಅರ್ಥ ಏನು?" ಎಂದರು.

ಲೊವೀನಾ ಹಿಟ್ಟಿನ ಕೈಯಲ್ಲೇ ಅನುವಾದಿಸಿದಳು. "ನಿಮ್ಮ ಮುಖಕ್ಕಿಷ್ಟು ಅಂತ."

ಮೊದಲ ವಾರಗಳು ನರಕ. ಆರ್ಡಿಸ್ ನಿಯಮ ಹೇಳಿದರೆ ಅವರು ಸಂಗತಿ ಕೇಳುವರು. ಸಂಗತಿ ಹೇಳಿದರೆ, "ಅದೇ ಹಸು ಕುಂಟಾಗಿದ್ರೆ?" ಎನ್ನುವರು. "ಕೋಸಿನ ಬದಲು ಮಗು ತುಳಿದಿದ್ರೆ?" "ಬೇಲಿ ಮುರಿದಿದ್ದು ಬಿರುಗಾಳಿ ಆಗಿದ್ರೆ?" ಈರುಳ್ಳಿಯ ಸಿಪ್ಪೆಯ ಹಾಗೆ ಸುಲಿದಷ್ಟೂ ಪ್ರಶ್ನೆ, ಕಣ್ಣಲ್ಲಿ ನೀರು. ಮನೆಗೆ ಬಂದು ಪಾತ್ರೆಗಳನ್ನು ಕುಕ್ಕುವಳು.

"ಏನಾಯ್ತು?" ಎಂದ ರೋಲಂಡ್ ಒಂದು ದಿನ.

"ಏನಾಗಿರ್ಬಹುದು ಅಂತ ನಿನಗನ್ಸುತ್ತೆ?"

ರೋಲಂಡ್ ಟೋಪಿ ಹಾಕಿಕೊಂಡು ಕೊಟ್ಟಿಗೆಗೆ ಹೋದ. ಒಬ್ಬ ಮೇಷ್ಟ್ರ ಕಾಲುಗಳಿಗೆ ಒಗ್ಗಿಕೊಂಡಿದ್ದ ಬಡಪಾಯಿ, ಇನ್ನೊಬ್ಬರ ಪ್ರಶ್ನೆಗಳಿಗೂ ಒಗ್ಗಿಕೊಳ್ಳಬೇಕಾಯಿತು.

ಒಂದು ಮಧ್ಯಾಹ್ನ ಅವಳ ತಾಳ್ಮೆ ಕಿತ್ತುಹೋಯಿತು. ಪುಸ್ತಕ ಮುಚ್ಚಿ, "ನಿಮಗೆ ಉತ್ತರ ಗೊತ್ತಿದ್ರೆ ಹೇಳ್ಬಿಡಿ ಮಿಸ್ಟರ್ ವಿಟ್ಕಮ್. ಗೊತ್ತಿಲ್ದಿದ್ರೆ ಗೊತ್ತಿಲ್ಲ ಅನ್ನಿ. ಈ ಬೆಕ್ಕು ಇಲಿ ಆಟ ನನಗೆ ಬೇಡ" ಎಂದಳು.

ವಿಟ್ಕಮ್ ಮುಂದಿದ್ದ ಡೋನಟ್ಟನ್ನು ಚೂರು ಚೂರು ಮಾಡುತ್ತ ಕೂತರು. ಆಮೇಲೆ, ಆ ಮನೆಯಲ್ಲಿ ಮೊದಲ ಸಲ, ಪ್ರಶ್ನೆಯಿಲ್ಲದೆ ಮಾತಾಡಿದರು.

"ಕಾಲೇಜಿನ ಮೊದಲನೇ ದಿನ. ಮೆಟ್ಟಿಲು ಮೆಟ್ಟಿಲಾಗಿ ಬೆಂಚು, ನೂರಾರು ಹುಡುಗರು. ಹೆಂಗಸರು ಒಬ್ಬರೂ ಇಲ್ಲ, ಆಗ ಸೇರಿಸ್ಕೊಳ್ತಿರ್ಲಿಲ್ಲ. ಪ್ರೊಫೆಸರ್ ಮುಂದೆ ಯಾರು ಎಲ್ಲಿ ಕೂತಿದಾರೆ ಅನ್ನೋ ನಕ್ಷೆ. ಬೆರಳಿಟ್ಟ. 'ಮಿಸ್ಟರ್ ವಿಟ್ಕಮ್, ಈ ಕೇಸು ಹೇಳಿ.' ನಾನು ಎದ್ದೆ. ಇದೇ ಬೆಟ್ಟದಿಂದ ಹೋದ ಹುಡುಗ, ಅಪ್ಪನ ಕೋಟು. ಹೇಳ್ದೆ. 'ಯಾಕೆ?' ಅಂದ. ಹೇಳ್ದೆ. 'ಯಾಕೆ?' ಅಂದ. ಮೂರನೇ ಸಲ ಬಾಯಿ ಒಣಗೋಯ್ತು. ಒಂದು ಗಂಟೆ ನಿಲ್ಸಿದ. ಕೂತ್ಕೋ ಅನ್ಲಿಲ್ಲ. ಅವತ್ತು ವಾಂತಿ ಮಾಡ್ಕೊಂಡೆ. ಆದ್ರೆ ಆಮೇಲೆ ಯಾವ ಜಡ್ಜಿ ಕಂಡ್ರೂ ಹೆದರಿಕೆ ಆಗ್ಲಿಲ್ಲ."

ಲೊವೀನಾ ಇನ್ನೊಂದು ಡೋನಟ್ಟು ತಂದು ಅವರ ತಟ್ಟೆಗೆ ಹಾಕಿದಳು. ಪಿಂಗ್ರೀ ಶತ್ರುವಿನ ಮುಖವನ್ನೇ ನೋಡುತ್ತಿದ್ದರು, ಸೌಟು ತೊಡೆಯ ಮೇಲೆ ಅಲ್ಲಾಡದೆ ಮಲಗಿತ್ತು.

ಆ ದಿನದಿಂದ ಪಾಠ ಹದಕ್ಕೆ ಬಂತು. ಸೌಟಿಗೂ ಒಂದು ಭಾಷೆ ಹುಟ್ಟಿತು: ಒಮ್ಮೆ ಟಕ್ ಎಂದರೆ ಸರಿ, ಕರಕರ ಉಜ್ಜಿದರೆ ಒಂದು ಕಾಲು ಮರೆತಿದ್ದೀಯ. ವಿಟ್ಕಮ್ ಅವಳನ್ನು ಪ್ರಶ್ನೆಗಳಲ್ಲಿ ಮುಳುಗಿಸಿ ಎತ್ತುವರು. ಅವಳು ಉತ್ತರ ಹುಡುಕಿ ಅಲೆಯುವಾಗ ಒಲೆಯ ಬದಿಯಿಂದ ಕರಕರ ಬರುವುದು, ಅವಳು ಕಾಲು ಎಣಿಸಿ ನೋಡುವಳು, ಬಿಟ್ಟದ್ದು ಸಿಕ್ಕಿಬಿಡುವುದು. ಇಬ್ಬರು ಮುದುಕರೂ ಒಬ್ಬರಿಗೊಬ್ಬರು ಮಾತಾಡದೆಯೇ, ಒಂದೇ ನೊಗಕ್ಕೆ ಕಟ್ಟಿದ ಜಗಳಗಂಟ ಎತ್ತುಗಳ ಹಾಗೆ, ಅವಳನ್ನು ಎಳೆಯುತ್ತಿದ್ದರು.

ಎಲ್ಲ ಸರಿಹೋಯಿತು ಎನ್ನುವಾಗಲೇ ಎಡವಟ್ಟಾಯಿತು. ಅವತ್ತಿನ ಪಾಠ ದಾರಿಯ ಹಕ್ಕಿನದು. ವಿಟ್ಕಮ್ ಹುರುಪಿನಲ್ಲಿದ್ದರು.

"ಒಬ್ಬ ಪಕ್ಕದವನ ಜಮೀನಿನ ದಾರೀಲಿ ವರ್ಷಾನುಗಟ್ಟಲೆ ಓಡಾಡಿದಾನೆ. ಸಕ್ಕರೆ ಕಾಯಿಸೋ ರಸಕ್ಕೆ ಮೇಪಲ್ ಮರಗಳಿಗೆ ಬಕೆಟ್ಟು ಕಟ್ಟೋಕೆ ಹೋಗ್ತಾನೆ ಅನ್ಕೊಳ್ಳಿ. ಒಡೆಯನ ಅಪ್ಪಣೆ ಕೇಳಿ ಓಡಾಡಿದ್ನಾ, ಕೇಳ್ದೆ ಓಡಾಡಿದ್ನಾ ಅನ್ನೋದ್ರಿಂದ ಏನು ವ್ಯತ್ಯಾಸ?"

ಆರ್ಡಿಸ್‌ಳ ಮುಖ ಬಿಳಿಚಿತು. ಕೇಳದೆ ಓಡಾಡಿದವನಿಗೆ ಹಕ್ಕು ಹುಟ್ಟುತ್ತದೆ, ಕೇಳಿದವನಿಗಿಲ್ಲ; ಗೋಕಿಯ ಕೇಸಿನ ಪ್ರಾಣ ಇದ್ದದ್ದೇ ಆ ಒಂದು ಮಾತಿನಲ್ಲಿ. ಗೋಕಿ ಪಿಂಗ್ರೀಯವರ ಮುಂದೆ ಏನು ಹೇಳಿದ್ದನೆಂದು ಅವಳೇ ಟೈಪು ಮಾಡಿದ್ದಳು. ಈಗ ಬರಿಯ ನಿಯಮ ಹೇಳಿದರೂ ತನ್ನ ಮುಖವೇ ಗುಟ್ಟು ಬಿಟ್ಟುಕೊಡುತ್ತದೆ.

"ಉತ್ತರ ಗೊತ್ತು. ಹೇಳಲ್ಲ" ಎಂದಳು.

ಅವಳ ಮಾತು ಮುಗಿಯುವ ಮುಂಚೆಯೇ ಸೌಟು ಕುರ್ಚಿಯ ಮೇಲೆ ದಡದಡ ಬಿತ್ತು. ಪಿಂಗ್ರೀ ನಿಲ್ಲಿಸಲಿಲ್ಲ. ಮುಖ ಕೆಂಪಾಗಿತ್ತು, ಕಣ್ಣು ಕೆಂಡ. ಬಡಿದು ಬಡಿದು ಕೊನೆಗೆ ಸೌಟನ್ನು ಮೇಜಿನ ಮೇಲೆ ಎಸೆದರು. ಅದು ವಿಟ್ಕಮ್‌ರ ಬಟ್ಟಲಿಗೆ ತಾಗಿ ಕಾಫಿಯೆಲ್ಲ ಅವರ ಕೋಟಿಗೆ ಚೆಲ್ಲಿತು.

ವಿಟ್ಕಮ್ ಎದ್ದರು. "ನಾನು ಕದಿಯೋಕೆ ಬಂದೆ ಅಂತಾನಾ? ಪುಸ್ತಕದಲ್ಲಿರೋ ಪಾಠ ಅದು! ಗೋಕಿ ನೆನಪೂ ಇರ್ಲಿಲ್ಲ ನನಗೆ! ಇಷ್ಟು ದಿನ ಇವನ ಒಲೆ ಮುಂದೆ ಕೂತಿದ್ದಕ್ಕೆ ಇದಾ ಮರ್ಯಾದೆ?" ಬಾಗಿಲು ಬಡಿದ ಹೊಡೆತಕ್ಕೆ ಗೋಡೆಯ ಬಾಣಲೆ ಕೆಳಗೆ ಬಿತ್ತು.

ಮರುದಿನ ವಿಟ್ಕಮ್ ಬರಲಿಲ್ಲ. ಅದರ ಮರುದಿನವೂ ಇಲ್ಲ. ಆರ್ಡಿಸ್ ಒಂದು ವಾರ ಅಡುಗೆಮನೆಯ ಬೆಂಚಿನ ಮೇಲೆ ಪುಸ್ತಕ ಬಿಚ್ಚಿಕೊಂಡು ಕಾದಳು. ಪಿಂಗ್ರೀ ಕಿಟಕಿಯ ಕಡೆ ಮುಖ ಮಾಡಿ ಕೂತುಬಿಟ್ಟರು. ಓದಿಸಿದವರು ಸಹಿ ಹಾಕದಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ. ದಡ ಕಾಣುತ್ತಿರುವಾಗ ದೋಣಿ ಮುಳುಗುತ್ತಿತ್ತು.

ಎಂಟನೆಯ ದಿನ ಅವಳು ಡೆಲ್ಮಾಳ ಹೋಟೆಲಿಗೆ ಹೋದಳು. ಊಟದ ಹೊತ್ತು, ಬೆಂಚು ತುಂಬಿತ್ತು. ವಿಟ್ಕಮ್ ತಮ್ಮ ತುದಿಯಲ್ಲಿ ಒಬ್ಬರೇ ಸೇಬಿನ ಪೈ ತಿನ್ನುತ್ತಿದ್ದರು. ಆರ್ಡಿಸ್ ಪಕ್ಕದಲ್ಲಿ ಹೋಗಿ ನಿಂತಳು. ಬೇಡಿಕೊಳ್ಳಲು ಬಂದಿದ್ದಾಳೆ ಎಂದೇ ಎಲ್ಲರೂ ಅಂದುಕೊಂಡರು. ಅವಳೂ ಹಾಗೆಂದೇ ಬಂದಿದ್ದಳು. ಆದರೆ ಅವರು ತಲೆಯೆತ್ತದೆ ಪೈ ಕತ್ತರಿಸುತ್ತಿದ್ದುದನ್ನು ಕಂಡು ಕೋಪ ನೆತ್ತಿಗೇರಿತು.

"ಸೌಟು ಬಡಿದಿದ್ದು ಯಾರು, ಮಿಸ್ಟರ್ ವಿಟ್ಕಮ್?"

"ಅದನ್ನ ಮಾತಾಡೋಕೆ ಇದಾ ಜಾಗ?"

"ಪ್ರಶ್ನೆಗೆ ಪ್ರಶ್ನೆ ಉತ್ತರವಾ? ಯಾರು ಬಡಿದಿದ್ದು?"

"ಪಿಂಗ್ರೀ. ಇಡೀ ಊರಿಗೆ ಕೇಳಿಸಿದೆ."

"ಯಾವಾಗ?"

"ನಾನು ದಾರಿ ವಿಷಯ ಎತ್ತಿದಾಗ."

"ನಡೀತಿರೋ ಕೇಸಿನ ವಾಸನೆ ಬಂದ ತಕ್ಷಣ ತಡೀಬೇಕು ಅಂತ ಷರತ್ತು ಹಾಕಿದ್ದು ಯಾರು?"

ವಿಟ್ಕಮ್ ಮುಳ್ಳುಚಮಚ ಕೆಳಗಿಟ್ಟರು.

"ಯಾರು?"

"ನಾನು."

"ಹಾಗಂದ್ರೆ, ನೀವೇ ಹಾಕಿದ ಷರತ್ತನ್ನ ಅವರು ಪಾಲಿಸಿದ್ರು ಅಂತ ನಿಮಗೆ ಕೋಪಾನಾ?"

"ಅವನು ನನ್ನ ಕಳ್ಳ ಅಂದ."

"ಬಾಯಿ ಬಿದ್ದುಹೋದವರು ಹೇಗೆ ಅಂದ್ರು?"

ಯಾರೋ ಕೆಮ್ಮಿದರು. ಡೆಲ್ಮಾ ಕಾಫಿ ಹೂಜಿ ಹಿಡಿದುಕೊಂಡು ನಿಂತಲ್ಲೇ ನಿಂತಳು.

"ನೀವು ಅವರ ಕುರ್ಚೀಲಿದ್ದು," ಆರ್ಡಿಸ್ ಬಿಡಲಿಲ್ಲ, "ಮಾತೂ ಇಲ್ದೆ, ನಿಮ್ಮ ಕಕ್ಷಿದಾರನ ಗುಟ್ಟು ಇನ್ನೊಬ್ಬರ ಮುಂದೆ ಜಾರೋ ಹಾಗಿದ್ದಿದ್ರೆ, ನೀವೇನು ಮಾಡ್ತಿದ್ರಿ?"

ವಿಟ್ಕಮ್ ಕೋಟಿನ ಮೇಲಿನ ಕಾಫಿ ಕಲೆಯನ್ನು ಬೆರಳಿನಿಂದ ಉಜ್ಜಿದರು.

"ಬಡೀತಿದ್ದೆ" ಎಂದರು. "ಇನ್ನೂ ಮುಂಚೇನೇ ಎಸೀತಿದ್ದೆ." ಆಮೇಲೆ ಅವಳ ಮುಖ ನೋಡಿ, "ಹೀಗೆ ಒಬ್ಬನ್ನ ಮೂಲೆಗೆ ತಳ್ಳೋದು ಯಾರು ಕಲಿಸಿದ್ರು ನಿಮಗೆ?"

"ನೀವು."

"ಷರತ್ತಿನ ಕಾಲು ಎಣಿಸಿ ಇಟ್ಕೊಳ್ಳೋದು?"

"ಅವರು."

ವಿಟ್ಕಮ್ ಪೈನ ತಟ್ಟೆ ಪಕ್ಕಕ್ಕೆ ಸರಿಸಿದರು. "ಡೆಲ್ಮಾ, ಒಂದಿಡೀ ಪೈ ಕಟ್ಟಿಕೊಡಮ್ಮ. ಪಿಂಗ್ರೀಗೆ ಚೀಸ್ ಜೊತೇಲಿ ಇಷ್ಟವಾ, ಬರೀ ಪೈನಾ?"

"ಚೀಸ್ ಜೊತೇಲಿ. ಎಷ್ಟು ವರ್ಷದಿಂದ ಇದೇ ಬೆಂಚಲ್ಲಿ ಕೂತು ನೋಡಿದೀರಿ, ಗೊತ್ತಿಲ್ವಾ ನಿಮಗೆ?" ಎಂದಳು ಡೆಲ್ಮಾ.

ಗೋಕಿಯ ಕೇಸು ಗುಡ್ಡದಾಚೆಯ ಬೇರೊಬ್ಬ ವಕೀಲರ ಕೈಗೆ ಹೋಯಿತು. ಅಡುಗೆಮನೆಯ ಪಾಠ ಬೇಸಿಗೆಯುದ್ದಕ್ಕೂ ನಡೆದು, ಕಾಡಿನ ಎಲೆಗಳೆಲ್ಲ ಕೆಂಪಾಗಿ ಉದುರಿ, ಮತ್ತೆ ಹಿಮ ಬೀಳುವವರೆಗೆ ಸಾಗಿತು. ವಿಟ್ಕಮ್ ಸಹಿ ಹಾಕಿದರು.

ಪರೀಕ್ಷೆ ನಡೆದದ್ದು ಮಾಂಟ್‌ಪೀಲಿಯರಿನ ದೊಡ್ಡ ಸಭಾಂಗಣದಲ್ಲಿ. ಸುತ್ತ ಕಾಲೇಜು ಮುಗಿಸಿದ ಎಳೆಯ ಮುಖಗಳು. ಒಬ್ಬಾತ ಅವಳನ್ನು ಮೇಲ್ವಿಚಾರಕಿ ಎಂದುಕೊಂಡು ಪೆನ್ಸಿಲ್ ಕೇಳಿದ. ಕೊಟ್ಟಳು. ಮೊದಲ ಪ್ರಶ್ನೆಯೇ ತೆರಿಗೆಯ ವಿಷಯ, ಅವಳಿಗೆ ಎಂದೂ ಹತ್ತದ್ದು. ಅದನ್ನು ಕೆಟ್ಟದಾಗಿಯೇ ಬರೆದಳು. ಒಪ್ಪಂದದ ಪ್ರಶ್ನೆಯೊಂದನ್ನು ಪೂರ್ತಿ ತಪ್ಪು ತಿಳಿದು ಎರಡು ಪುಟ ಬರೆದು ಹೊಡೆದುಹಾಕಿದಳು. ಉಳಿದವಕ್ಕೆ ಕಾಲು ಎಣಿಸಿದಳು, ಒಂದೊಂದು ಕಾಲಿಗೂ "ಯಾಕೆ?" ಎಂದು ಕೇಳಿದಳು. ಹೊರಗೆ ಬಂದು ರೋಲಂಡನ ಟ್ಯಾಂಕರ್ ಹತ್ತಿದಳು. ಹೇಗಾಯಿತೆಂದು ಅವನು ಕೇಳಲಿಲ್ಲ.

ಫಲಿತಾಂಶ ಬಂದಾಗ ಮತ್ತೆ ಕೆಸರುಕಾಲ. ಪಾಸಾಗಿದ್ದಳು, ಕೂದಲೆಳೆಯಷ್ಟರಲ್ಲಿ. ಲೊವೀನಾ ಕುಣಿದಳು. ವಿಟ್ಕಮ್, "ತೆರಿಗೆಯಲ್ಲಿ ಯಾಕೆ ಅಷ್ಟು ಕಡಿಮೆ?" ಎಂದರು. ಅದು ಅವರ ಅಭಿನಂದನೆ.

ಪ್ರಮಾಣವಚನಕ್ಕೆ ಜಿಲ್ಲಾ ಕೋರ್ಟಿಗೆ ಅರ್ಧ ಊರೇ ಬಂದಿತ್ತು. ಜಡ್ಜಿ ಬೇರೆ ಜಿಲ್ಲೆಯಿಂದ ಬಂದ ಕಿರಿಯ ವಯಸ್ಸಿನವರು, ಇಲ್ಲಿಯ ಹಳೆಯ ಕಥೆಯೇನೂ ಗೊತ್ತಿಲ್ಲದವರು. ಹೊಸ ವಕೀಲರನ್ನು ಸೇರಿಸಿಕೊಳ್ಳಬೇಕೆಂದು ಹಳೆಯ ವಕೀಲರೊಬ್ಬರು ಎದ್ದು ನಿಂತು ಕೇಳಿಕೊಳ್ಳುವುದು ಪದ್ಧತಿ.

"ಮಿಸೆಸ್ ಟ್ಯಾಟ್ರೋ ಪರವಾಗಿ ಯಾರು ಕೋರಿಕೆ ಇಡ್ತೀರಿ?" ಎಂದರು ಜಡ್ಜಿ.

ವಿಟ್ಕಮ್ ಎದ್ದರು. ಅಷ್ಟರಲ್ಲಿ ಇನ್ನೊಂದು ಬದಿಯಲ್ಲಿ ಕುರ್ಚಿ ಕಿರುಗುಟ್ಟಿತು. ಪಿಂಗ್ರೀ ಅಕ್ಕನ ಹೆಗಲು ಹಿಡಿದು, ಇಷ್ಟಿಷ್ಟೇ ಮೇಲೇಳುತ್ತಿದ್ದರು. ವಿಟ್ಕಮ್ ಅದನ್ನು ಕಂಡು ಕೂತುಕೊಂಡರು.

ಪಿಂಗ್ರೀ ನಿಂತರು. ಕೋಟಿನ ಗುಂಡಿ ಎಡಗೈಯಲ್ಲಿ ಸರಿಮಾಡಿಕೊಂಡರು. ಬಾಯಿ ತೆರೆಯಿತು, ಗಂಟಲಿನ ನರ ಉಬ್ಬಿತು. ಏನೂ ಹೊರಡಲಿಲ್ಲ. ಮತ್ತೆ ಪ್ರಯತ್ನಿಸಿದರು. ಆರ್ಡಿಸ್ ತಲೆ ತಗ್ಗಿಸಲಿಲ್ಲ, ಅವರ ಮುಖವನ್ನೇ ನೋಡುತ್ತ ನಿಂತಳು. ಕಣ್ಣೀರು ಗಲ್ಲದ ಮೇಲೆ ಇಳಿದರೂ ಒರೆಸಿಕೊಳ್ಳಲಿಲ್ಲ. ಜಡ್ಜಿ ಗುಮಾಸ್ತೆಯ ಕಡೆ ನೋಡಿದರು. ಗುಮಾಸ್ತೆ ಕಿಟಕಿಯ ಕಡೆ ನೋಡಿದಳು. ಪಿಂಗ್ರೀ ಹೇಳಬೇಕಾದ್ದನ್ನೆಲ್ಲ ಹೇಳಿದವರಂತೆ ಬಾಯಿ ಮುಚ್ಚಿ, ತಲೆ ಬಾಗಿಸಿದರು. ಆದರೆ ಕೂರಲಿಲ್ಲ.

ಆಗ ವಿಟ್ಕಮ್ ಮತ್ತೆ ಎದ್ದರು. "ಮಾನ್ಯರೇ, ಮಿಸ್ಟರ್ ಪಿಂಗ್ರೀ ಈಗ ಹೇಳಿದ್ದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ. ಅದಕ್ಕಿಂತ ಚೆನ್ನಾಗಿ ಹೇಳೋದು ನನ್ನಿಂದಾಗಲ್ಲ."

ಜಡ್ಜಿ ಏನೋ ಕೇಳಲು ಹೋಗಿ, ಕೋರ್ಟಿನಲ್ಲಿ ಕೂತಿದ್ದ ಮುಖಗಳನ್ನು ನೋಡಿ ಸುಮ್ಮನಾದರು. "ಕೋರಿಕೆ ದಾಖಲಾಗಲಿ" ಎಂದರು. "ಬಲಗೈ ಎತ್ತಿ, ಮಿಸೆಸ್ ಟ್ಯಾಟ್ರೋ."

ಸುಳ್ಳನ್ನು ಆಡುವುದಿಲ್ಲ, ಆಡಲು ಬಿಡುವುದಿಲ್ಲ ಎಂಬ ಪ್ರಮಾಣವನ್ನು ಆರ್ಡಿಸ್ ಒಂದೊಂದು ಮಾತಾಗಿ ಹೇಳಿದಳು. ಹಿಂದಿನ ಸಾಲಿನಲ್ಲಿ ರೋಲಂಡ್ ಕರವಸ್ತ್ರಕ್ಕೆ ಸೀನಿದ ಹಾಗೆ ಮಾಡಿದ. ಪ್ರಮಾಣ ಮುಗಿಯುವವರೆಗೂ ಪಿಂಗ್ರೀ ನಿಂತೇ ಇದ್ದರು. ಕಾಲು ನಡುಗತೊಡಗಿದಾಗ ವಿಟ್ಕಮ್ ಈ ಬದಿಯಿಂದ ಆ ಬದಿಗೆ ನಡೆದುಹೋಗಿ, ಪಕ್ಕದಲ್ಲಿ ನಿಂತು, ಮೊಣಕೈ ಕೊಟ್ಟರು. ಪಿಂಗ್ರೀ ಅದನ್ನು ಒಮ್ಮೆ ನೋಡಿ, ಹಿಡಿದುಕೊಂಡರು.